ಹಾಳು ಕಟ್ಟಡ ನೋಡಲು ಹೋಗುವಾಗ ಬ್ಯಾಗಿನಲ್ಲಿ ಪಿಕ್ ಸೆಟ್ ಇರಬೇಕಾ?

ಹಾಳುಗೋಡೆ
ನಮ್ಮದು ನಾಲ್ಕು ಜನರ ಗುಂಪು. ಮುಚ್ಚಿದ ಕಾರ್ಖಾನೆ, ಬಿಟ್ಟುಹೋದ ಆಸ್ಪತ್ರೆ, ಬಳಕೆ ನಿಂತ ಗೋದಾಮು, ಇಂಥವನ್ನು ನೋಡೋದು, ಫೋಟೋ ತೆಗೆಯೋದು ನಮ್ಮ ಹುಚ್ಚು. ಈಚೆಗೆ ಸೇರಿದ ಒಬ್ಬ ಹುಡುಗ ಬ್ಯಾಗಿನಲ್ಲಿ ಲಾಕ್‌ಪಿಕ್ ಸೆಟ್ ಇಟ್ಟುಕೊಂಡು ಬರ್ತಾನೆ, ಕೀಲಿಕೈ ಇಲ್ಲದೆ ಬೀಗ ತೆಗೆಯುವ ಸಾಮಾನು. ಕನ್ನಡಕದ ಪೆಟ್ಟಿಗೆಯಷ್ಟೇ ಇರುವ ಜಿಪ್ ಪೌಚು. ಬಿಚ್ಚಿದರೆ ಸಾಲಾಗಿ ಸಿಕ್ಕಿಸಿಟ್ಟ ತೆಳು ಉಕ್ಕಿನ ಕಡ್ಡಿಗಳು, ಕೊನೆಗೆ ಬೀಗದ ಒಳಭಾಗವನ್ನು ತಿರುಗಿಸಿ ಹಿಡಿಯುವ ಬಾಗಿದ ಟೆನ್ಷನ್ ರೆಂಚ್. ಇಲ್ಲಿಯವರೆಗೆ ಬಳಸಿಲ್ಲ. "ಇರಲಿ ಬಿಡಿ, ಯಾವುದಕ್ಕಾದ್ರೂ ಆಗುತ್ತೆ" ಅಂತಾನೆ.

ಬಾಗಿಲು ತೆರೆದಿದ್ದರೆ ಒಳಗೆ, ಮುಚ್ಚಿದ್ದರೆ ವಾಪಸ್, ಇದು ನಮ್ಮ ಕಟ್ಟುಪಾಡು. ಬಳಸದಿದ್ದರೂ ಆ ಪೌಚು ಬ್ಯಾಗಿನಲ್ಲಿ ಇರೋದೇ ಆ ಕಟ್ಟುಪಾಡಿಗೆ ವಿರುದ್ಧ ಅಂತ ನನ್ನ ವಾದ. ಉಳಿದಿಬ್ಬರು "ನೀನು ತೀರಾ ಅತಿ ಮಾಡ್ತೀಯ" ಅಂತಾರೆ. ತಿಳಿದವರು ಹೇಳಿ.

ಬೀಗಬಂಧು
ನಾನು ಇನ್ನೊಂದು ಕಡೆಯವನು. ಬೀಗ ಬಿಡಿಸೋದೇ ನನ್ನ ಹವ್ಯಾಸ, ಮೇಜಿನ ಮೇಲೆ ವೈಸ್‌ಗೆ ಸಿಕ್ಕಿಸಿದ ಬೀಗಗಳೇ ತುಂಬಿವೆ. ಈ ಹವ್ಯಾಸದ ಮೊದಲ ಕ್ಲಬ್‌ಗಳಲ್ಲಿ ಒಂದು 1997ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಶುರುವಾಯಿತು. ಆಮೇಲೆ ನೆದರ್‌ಲ್ಯಾಂಡ್ಸ್, ಅಮೆರಿಕ, ಎಲ್ಲ ಕಡೆ ಹಬ್ಬಿತು. ಎಲ್ಲಿ ಹೋದರೂ ಹೊಸಬರಿಗೆ ಮೊದಲು ಹೇಳಿಕೊಡೋದು ಎರಡೇ ನಿಯಮ. ನಿನ್ನದಲ್ಲದ ಬೀಗಕ್ಕೆ ಒಡೆಯರ ಒಪ್ಪಿಗೆ ಇಲ್ಲದೆ ಕೈ ಹಾಕಬೇಡ. ಬಳಕೆಯಲ್ಲಿರುವ ಬೀಗ ನಿನ್ನದೇ ಆದರೂ ಮುಟ್ಟಬೇಡ.

ಹಾಳು ಕಟ್ಟಡದ ಬೀಗ ಈ ಎರಡೂ ನಿಯಮಕ್ಕೆ ಸಿಕ್ಕಿಬೀಳುತ್ತೆ. ಕಟ್ಟಡ ಹಾಳಾಗಿರಬಹುದು, ಬೀಗ ಹಾಳಾಗಿಲ್ಲ, ಯಾರೋ ಬೇಕು ಅಂತಲೇ ಹಾಕಿದ್ದಾರೆ. ನಿಮ್ಮ ಹುಡುಗನಿಗೆ ಹೇಳಿ, ಹಾಳು ಕಟ್ಟಡ ಸುತ್ತುವ ಒಬ್ಬ ಅರ್ಬೆಕ್ಸ್‌ನವನು ಪಿಕ್ ಸಮೇತ ಸಿಕ್ಕಿಬಿದ್ದ ಸುದ್ದಿ ಬಂದರೆ ಮೇಜಿನ ಮುಂದೆ ಸುಮ್ಮನೆ ಕೂತಿರುವ ನಮ್ಮಂಥವರ ಮರ್ಯಾದೆಯೂ ಹೋಗುತ್ತೆ.

ಒಂಟಿಮೆಟ್ಟಿಲು
ಇಷ್ಟೊಂದು ಮಡಿವಂತಿಕೆ ಬೇಕಾ ಗುರು? ನನ್ನ ಬ್ಯಾಗಲ್ಲಿ ಸ್ಕ್ರೂಡ್ರೈವರ್ ಇದೆ, ಟ್ರೈಪಾಡ್ ಬಿಗಿ ಮಾಡೋಕೆ. ಸ್ವಿಸ್ ಚಾಕು ಇದೆ. ಅದನ್ನೂ ಕಳ್ಳನ ಸಾಮಾನು ಅಂತೀರಾ? ಉಪಕರಣಕ್ಕೆ ಪಾಪಪುಣ್ಯ ಇಲ್ಲ, ಹಿಡಿದವನ ಮನಸ್ಸಿಗೆ ಇರೋದು.

ಇನ್ನೊಂದು ಮಾತು. ಬೀಗ ತೆಗೆಯದೆ ಒಳಗೆ ನುಗ್ಗೋರು ಏನು ಮಾಡ್ತಾರೆ ನೋಡಿದ್ದೀರಾ? ಬೋಲ್ಟ್ ಕಟರ್‌ನಲ್ಲಿ ಕತ್ತರಿಸ್ತಾರೆ, ಸರಳು ಹಾಕಿ ಚಿಲಕ ಮೀಟ್ತಾರೆ, ಕಿಟಕಿ ಒಡೀತಾರೆ. ಪಿಕ್ ಹಾಕಿದವನು ಒಂದು ಗೀಟೂ ಮಾಡದೆ ಹೋಗಿ ಬರ್ತಾನೆ. ಹಾನಿ ಕಡಿಮೆ ಅನ್ನೋದೇ ಧರ್ಮ ಆದರೆ ಪಿಕ್ಕೇ ಮೇಲು.

ಕರಿಕೋಟು
ವಕೀಲಿ ವೃತ್ತಿ ನನ್ನದು. ಒಂಟಿಮೆಟ್ಟಿಲು ಅವರು "ಹಿಡಿದವನ ಮನಸ್ಸು" ಅಂದರಲ್ಲ, ಕಾನೂನೂ ಅದನ್ನೇ ಕೇಳೋದು. ಆದರೆ ಮನಸ್ಸಿನ ಒಳಗೆ ಯಾರೂ ಇಣುಕಿ ನೋಡೋಕಾಗಲ್ಲ. ಹಾಗಾಗಿ ಬ್ಯಾಗಿನ ಒಳಗೆ ಇಣುಕ್ತಾರೆ.

ಭಾರತದ್ದನ್ನೇ ತಗೊಳ್ಳಿ. ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 329ನೇ ಕಲಮಿನಲ್ಲಿ ಅಪರಾಧಿಕ ಅತಿಕ್ರಮಣ ಅಂದರೆ ಸುಮ್ಮನೆ ಒಳಗೆ ಹೋಗೋದಲ್ಲ. ಅಪರಾಧ ಮಾಡುವ, ಹೆದರಿಸುವ, ಅವಮಾನಿಸುವ ಅಥವಾ ಕಿರುಕುಳ ಕೊಡುವ ಉದ್ದೇಶದಿಂದ ಹೋಗೋದು. ಅದಕ್ಕೆ ಗರಿಷ್ಠ 3 ತಿಂಗಳು. ಕ್ಯಾಮೆರಾ ಹಿಡಿದು ನಿಂತವನ ಪರ ನಾನು ಮಾಡಬಹುದಾದ ಒಳ್ಳೆಯ ವಾದವೇ ಇದು: "ಸ್ವಾಮಿ, ಇವನಿಗೆ ಅಂಥ ಉದ್ದೇಶ ಇರಲಿಲ್ಲ, ಫೋಟೋಗೆ ಬಂದಿದ್ದ."

ಈಗ ಮುಂದಿನ 330ನೇ ಕಲಮು ನೋಡಿ. ಮನೆಮುರಿತಕ್ಕೆ ಆರು ದಾರಿ ಹೇಳಿದ್ದಾರೆ. ಒಳಗೆ ಸೇರಲು ಯಾವುದೇ ಬೀಗ ತೆರೆಯೋದು ಅದರಲ್ಲಿ ಒಂದು. ಮುರಿಯಬೇಕು ಅಂತಿಲ್ಲ, ತೆರೆದರೆ ಸಾಕು. ಗೀಟು ಬಿದ್ದಿಲ್ಲ ಅನ್ನೋದು ಅಲ್ಲಿ ನಡೆಯಲ್ಲ. ಶಿಕ್ಷೆ 331ರಲ್ಲಿ: ಹಗಲಾದರೆ 2 ವರ್ಷದವರೆಗೆ, ಸೂರ್ಯ ಮುಳುಗಿದ ಮೇಲೆ ಹುಟ್ಟುವುದರೊಳಗೆ ಆದರೆ 3 ವರ್ಷದವರೆಗೆ, ಜೊತೆಗೆ ದಂಡ.

ಬೇರೆ ದೇಶಗಳಲ್ಲಿ ಇಟ್ಟುಕೊಂಡಿರೋದೇ ಪ್ರಶ್ನೆ ಆಗುತ್ತೆ. ಇಂಗ್ಲೆಂಡ್‌ನಲ್ಲಿ 1968ರ ಕಳ್ಳತನ ಕಾಯ್ದೆಯ 25ನೇ ಕಲಮು: ವಾಸದ ಮನೆಯಿಂದ ಹೊರಗಿದ್ದಾಗ ಕನ್ನಕ್ಕೆ, ಕಳ್ಳತನಕ್ಕೆ ಬಳಸಲೆಂದು ಸಾಮಾನು ಇಟ್ಟುಕೊಂಡಿದ್ದರೆ 3 ವರ್ಷದವರೆಗೆ. ಕೆನಡಾದ ದಂಡ ಸಂಹಿತೆಯ 351ರಲ್ಲಿ ಕನ್ನದ ಉಪಕರಣಕ್ಕೆ ಗರಿಷ್ಠ 10 ವರ್ಷ. ಅಮೆರಿಕದಲ್ಲಿ ಬಹುತೇಕ ರಾಜ್ಯಗಳಲ್ಲಿ ಉದ್ದೇಶ ಸಾಬೀತಾಗಬೇಕು. ವರ್ಜೀನಿಯಾದಂಥ ಕಡೆ ಕನ್ನದ ಉಪಕರಣ ಕೈಯಲ್ಲಿ ಇತ್ತು ಅನ್ನೋದೇ ಉದ್ದೇಶಕ್ಕೆ ಮೇಲ್ನೋಟದ ಸಾಕ್ಷ್ಯ, ಅಲ್ಲ ಅಂತ ತೋರಿಸುವ ಹೊರೆ ನಿಮ್ಮ ತಲೆಗೆ ಬರುತ್ತೆ. ಜಪಾನ್ ಇನ್ನೂ ಬಿಗಿ. 2003ರಲ್ಲಿ ಅದಕ್ಕೆಂದೇ ಪ್ರತ್ಯೇಕ ಕಾಯ್ದೆ ಮಾಡಿ, ಸರಿಯಾದ ಕಾರಣವಿಲ್ಲದೆ ಪಿಕ್ ಇಟ್ಟುಕೊಳ್ಳೋದನ್ನೇ ಅಪರಾಧ ಮಾಡಿದ್ದಾರೆ. ದೊಡ್ಡ ಸ್ಕ್ರೂಡ್ರೈವರ್, ಮೀಟುವ ಸರಳು ಇಂಥವನ್ನು ಬಚ್ಚಿಟ್ಟುಕೊಂಡು ತಿರುಗೋದೂ ಅದರಲ್ಲೇ ಸೇರಿದೆ.

ತುಕ್ಕು
ಕರಿಕೋಟು ಸರ್, ಒಂದು ಅನುಮಾನ. ಮನೆಮುರಿತ ಅಂದಮೇಲೆ ಮನೆ ಇರಬೇಕಲ್ಲ. ಮೂವತ್ತು ವರ್ಷದಿಂದ ಬಾವಲಿ ಬಿಟ್ಟರೆ ಯಾರೂ ಇಲ್ಲದ ಮಿಲ್ಲು ಹೇಗೆ ಮನೆ ಆಗುತ್ತೆ?

ಕರಿಕೋಟು
ಒಳ್ಳೆ ಪ್ರಶ್ನೆ. ಜನ ವಾಸಿಸುವ ಕಟ್ಟಡ, ಪೂಜಾಸ್ಥಳ, ಸ್ವತ್ತನ್ನು ಜೋಪಾನವಾಗಿ ಇಡುವ ಸ್ಥಳ, ಈ ಮೂರೂ ಅದರೊಳಗೆ ಬರುತ್ತವೆ. ಬರೀ ನಾಲ್ಕು ಗೋಡೆ ಉಳಿದಿದ್ದರೆ ವಾದ ಮಾಡೋಕೆ ಜಾಗ ಇದೆ. ಒಳಗೆ ಹಳೇ ಯಂತ್ರ, ಕಡತ, ತಾಮ್ರದ ಕೇಬಲ್ಲು ಇದ್ದು ಅದಕ್ಕಾಗಿಯೇ ಬೀಗ ಹಾಕಿದ್ದಾರೆ ಅಂದರೆ ಆ ಜಾಗ ಕಿರಿದಾಗುತ್ತೆ. ತಮಾಷೆ ಏನು ಗೊತ್ತಾ, ನಮಗೆಲ್ಲ ನೋಡಬೇಕು ಅನ್ನಿಸೋದು ಒಳಗೆ ಇನ್ನೂ ಸಾಮಾನು ಉಳಿದಿರುವ ಕಟ್ಟಡಗಳನ್ನೇ.

ರಾತ್ರಿಪಾಳಿ
ನಾನು ಮುಚ್ಚಿದ ಕಾರ್ಖಾನೆಯೊಂದರಲ್ಲಿ ಸೆಕ್ಯೂರಿಟಿ ಕೆಲಸ ಮಾಡಿದವನು. ಹೆಸರು ಬೇಡ. ನಿಮ್ಮಂಥವರನ್ನು ಆ ಕಡೆಯಿಂದ ನೋಡಿದ್ದೇನೆ, ಅದನ್ನು ಹೇಳ್ತೀನಿ.

ಕ್ಯಾಮೆರಾದವರು ಸಿಕ್ಕರೆ ಸಾಮಾನ್ಯವಾಗಿ ಬೈದು ಗೇಟಿನವರೆಗೆ ಬಿಟ್ಟು ಬರ್ತಿದ್ದೆ. ಹೆಸರು ಬರೆಸಿಕೊಳ್ತಿದ್ದೆ, ಅಷ್ಟೇ. ಮುಖ ನೋಡಿದರೇ ಗೊತ್ತಾಗುತ್ತೆ, ಟಾರ್ಚ್ ಬಿಟ್ಟ ತಕ್ಷಣ "ಸಾರಿ ಅಣ್ಣಾ" ಅಂತಾರೆ. ಬ್ಯಾಗಲ್ಲಿ ಕಬ್ಬಿಣದ ಸಾಮಾನು ಸಿಕ್ಕರೆ ನನ್ನ ಕೈಯಲ್ಲಿ ಏನೂ ಉಳಿಯಲ್ಲ, ಮೇಲಿನವರಿಗೆ ಫೋನ್ ಮಾಡಲೇಬೇಕು. ಆಮೇಲೆ ಆ ಬ್ಯಾಗನ್ನು ಬಿಚ್ಚಿ ನೋಡುವವನು ನಾನಲ್ಲ.

ಇನ್ನು ಗೀಟೇ ಬೀಳಲ್ಲ ಅನ್ನೋ ಮಾತು. ನಾವು ಸುತ್ತು ಹೊಡೆಯುವಾಗ ಬೀಗ ಜಗ್ಗಿ ನೋಡೋದು ಮಾತ್ರ ಅಲ್ಲ. ಕೊಂಡಿಯ ಸಂದಿಗೆ ಒಣಗಿದ ಕಡ್ಡಿ ಸಿಕ್ಕಿಸಿ ಬರ್ತಿದ್ವಿ. ಮರುದಿನ ಕಡ್ಡಿ ಕೆಳಗೆ ಬಿದ್ದಿದ್ದರೆ ಬಾಗಿಲು ಅಲ್ಲಾಡಿದೆ ಅಂತ. ವರ್ಷಗಟ್ಟಲೆ ಬಿಸಿಲುಮಳೆಗೆ ಕಪ್ಪಾದ ಹಿತ್ತಾಳೆ ಬೀಗದಲ್ಲಿ ಕೀಲಿತೂತಿನ ಬಾಯಿ ಒಂದು ಕಡೆ ಹೊಳೀತಿದ್ದರೆ ಯಾರೋ ಕೆದಕಿದ್ದಾರೆ ಅಂತ ಅರ್ಥ. ಒಂದು ಸಲ ಹಾಗೆ ಕಂಡಾಗ ಏಜೆನ್ಸಿಯವರು ನನ್ನನ್ನೇ ಕೂರಿಸಿ ಕೇಳಿದರು, ಯಾರಿಗೆ ಬಾಗಿಲು ತೆಗೆದುಕೊಟ್ಟೆ, ಎಷ್ಟು ತಗೊಂಡೆ ಅಂತ. ಒಡೆದ ಬೀಗ ಆಗಿದ್ದರೆ ಆ ಪ್ರಶ್ನೆ ಬರ್ತಾನೇ ಇರಲಿಲ್ಲ. ಒಡೆಯದೆ ತೆರೆದ ಬೀಗದ ಅನುಮಾನ ಕೀಲಿಕೈ ಇದ್ದವನ ಮೇಲೇ ಬರೋದು. ನೀವು ಹಾನಿ ಇಲ್ಲ ಅಂತೀರಲ್ಲ, ಆ ತಿಂಗಳ ಸಂಬಳದಲ್ಲಿ ನನಗೆ ಕಾಣಿಸಿತು ಹಾನಿ.

ಹಾಳುಗೋಡೆ
ರಾತ್ರಿಪಾಳಿ ಅಣ್ಣ, ಇದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ನಮ್ಮ ಗುಂಪಿಗೆ ಈ ಭಾಗವನ್ನೇ ಕಳಿಸ್ತೀನಿ.

ಒಂಟಿಮೆಟ್ಟಿಲು
ಅಣ್ಣಂಗೆ ಆಗಿದ್ದು ಅನ್ಯಾಯ, ಒಪ್ಪಿದೆ. ಅದು ಏಜೆನ್ಸಿ ಮಾಡಿದ ಅನ್ಯಾಯ. ತೆಗೆದವನು ಹೊರಗೆ ಬಂದು ಬೀಗ ಹಾಕಿಬಿಟ್ಟರೆ ಮುಗೀತಲ್ಲ?

ಬೀಗಬಂಧು
ಮುಗಿಯಲ್ಲ. ಹೊರಗೆ ವರ್ಷಗಟ್ಟಲೆ ನೇತಾಡಿದ ಬೀಗ ನನ್ನ ಮೇಜಿನ ಮೇಲಿನ ಬೀಗದಂತಲ್ಲ. ಒಳಗೆ ಧೂಳು, ಹಸಿರು ಕಿಲುಬು, ಜೀವ ಹೋದ ಸ್ಪ್ರಿಂಗು. ಪಿನ್ನು ಮೇಲೆ ಸಿಕ್ಕಿಕೊಂಡರೆ ಕೆಳಗೆ ಬರಲ್ಲ. ಕಡ್ಡಿಯ ತುದಿ ಒಳಗೇ ಮುರಿದರೆ ಒಡೆಯ ತಂದ ಅಸಲಿ ಕೀಲಿಕೈಯೂ ಹೋಗಲ್ಲ. ಆಗ ಅವನು ಕಟರ್ ತರಬೇಕು. ನೀವು ಕತ್ತರಿಸಲಿಲ್ಲ, ಅವನ ಕೈಯಲ್ಲಿ ಕತ್ತರಿಸಿದಿರಿ, ವ್ಯತ್ಯಾಸ ಅಷ್ಟೇ.

ನೀವು ಒಳಗಿರುವಷ್ಟು ಹೊತ್ತು ಆ ಬಾಗಿಲು ತೆರೆದಿರುತ್ತೆ, ಅದೂ ಲೆಕ್ಕಕ್ಕೆ ಬರಬೇಕು. ಹಿಂದೆಯೇ ಗುಜರಿಯವರು ಬರಬಹುದು, ಆಟಕ್ಕೆ ಬಂದ ಮಕ್ಕಳು ನುಗ್ಗಬಹುದು. ನಿಮ್ಮ ಕಣ್ಣು ಎರಡನೇ ಮಹಡಿಯ ಕಿಟಕಿಯ ಬೆಳಕಿನ ಮೇಲೆ ಇರುತ್ತೆ.

ಗಾಳಿಗಂಡಿ
ತಡವಾಗಿ ಬಂದೆ, ಆದರೆ ಯಾರೂ ಹೇಳದ ವಿಷಯ ಒಂದಿದೆ. ಕೈಗಾರಿಕಾ ಸುರಕ್ಷತೆ ನನ್ನ ಕೆಲಸ. ನೀವೆಲ್ಲ ಬೀಗ ಅಂದರೆ ಕಳ್ಳರಿಗೆ ಹಾಕಿದ್ದು ಅಂದುಕೊಂಡು ಮಾತಾಡ್ತಿದ್ದೀರಿ. ಕಾರ್ಖಾನೆಯ ಒಳಗಿನ ಅರ್ಧ ಬೀಗಗಳು ಕಳ್ಳರಿಗಲ್ಲ, ಒಳಗೆ ಹೋದವರು ಸಾಯದಿರಲಿ ಅಂತ.

ಮುಚ್ಚಿದ ಉಕ್ಕಿನ ಟ್ಯಾಂಕು, ನೆಲದಡಿಯ ಸಂಪು, ಹಳೇ ಬಾಯ್ಲರ್ ಕೋಣೆ. ಮಾಮೂಲಿ ಗಾಳಿಯಲ್ಲಿ ಆಮ್ಲಜನಕ ಸುಮಾರು 20.9%. 19.5%ಕ್ಕಿಂತ ಕೆಳಗೆ ಹೋದರೆ ಉಸಿರಾಟಕ್ಕೆ ಸಾಲದ ಗಾಳಿ ಅಂತ ಪರಿಗಣಿಸ್ತೀವಿ. ಕಬ್ಬಿಣ ತುಕ್ಕು ಹಿಡಿಯುವಾಗ ಆಮ್ಲಜನಕವನ್ನೇ ತಿನ್ನುತ್ತೆ. ಗಾಳಿಯಾಡದ ಟ್ಯಾಂಕು ವರ್ಷಗಟ್ಟಲೆ ತುಕ್ಕು ಹಿಡಿದಿದ್ದರೆ ಒಳಗೆ ವಿಷ ಯಾವುದೂ ಇರಬೇಕಾಗಿಲ್ಲ, ಉಸಿರಾಡೋಕೆ ಏನೂ ಉಳಿದಿರಲ್ಲ. ವಾಸನೆ ಇಲ್ಲ, ಕೆಮ್ಮು ಇಲ್ಲ, ಏಣಿ ಇಳಿದು ಒಂದೆರಡು ಉಸಿರು ಎಳೆಯುವಷ್ಟರಲ್ಲಿ ಕಾಲು ಕುಸಿಯುತ್ತೆ. ಮೇಲಿದ್ದ ಗೆಳೆಯ "ಏ ಏನಾಯ್ತೋ" ಅಂತ ಇಳೀತಾನೆ, ಅವನೂ ಬೀಳ್ತಾನೆ. ಇಂಥ ಸಾವುಗಳಲ್ಲಿ ಎತ್ತಲು ಹೋದವರೇ ಎಷ್ಟೋ ಸಲ ಹೆಣವಾಗ್ತಾರೆ.

ಒಳಚರಂಡಿ, ಕೊಳೆತ ನೀರು ನಿಂತ ಗುಂಡಿಗಳಲ್ಲಿ ಹೈಡ್ರೋಜನ್ ಸಲ್ಫೈಡ್. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ನಾತ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗದ ಹತ್ತಿರ ಬಂದಾಗ ಮೂಗು ಸೋಲುತ್ತೆ, ವಾಸನೆ ಹೋಯ್ತು ಅಂತ ನೆಮ್ಮದಿಯಿಂದ ಮುಂದಕ್ಕೆ ಹೆಜ್ಜೆ ಇಡ್ತೀರಿ.

ಕರೆಂಟಿನ ಪ್ಯಾನೆಲ್ ಮೇಲೆ ಕೆಂಪು ಬೀಗ, ಅದಕ್ಕೊಂದು ಚೀಟಿ ನೇತಾಡ್ತಿದ್ದರೆ ಅದನ್ನು ಉಸಿರು ತಾಗದಷ್ಟು ದೂರದಿಂದ ನೋಡಿ. ಅದು ಲಾಕೌಟ್, ರಿಪೇರಿ ನಡೆಯುವಾಗ ಯಾರೂ ಕರೆಂಟು ಹಾಕದಿರಲಿ ಅಂತ ಹಾಕುವ ಬೀಗ. ಲೈನಿನ ಇನ್ನೊಂದು ತುದಿಯಲ್ಲಿ ಯಾರದೋ ಕೈ ಇರಬಹುದು. ಕಟ್ಟಡ ಮುಚ್ಚಿದೆ ಅಂದ ಮಾತ್ರಕ್ಕೆ ಕರೆಂಟು ಸತ್ತಿದೆ ಅಂತಲ್ಲ.

ತುಕ್ಕು
ಓದಿ ಮೈ ಜುಂ ಅಂತು. ಆದರೆ ಮೇಡಂ/ಸರ್, ಆಸ್ಪತ್ರೆ, ಶಾಲೆ ಇಂಥ ಕಟ್ಟಡಗಳಲ್ಲಿ ಟ್ಯಾಂಕು ಎಲ್ಲಿರುತ್ತೆ?

ಗಾಳಿಗಂಡಿ
ಮೇಡಂ. ಆಸ್ಪತ್ರೆಯ ಮಾತು ಬಂದದ್ದು ಒಳ್ಳೆಯದಾಯ್ತು. 1987ರ ಸೆಪ್ಟೆಂಬರಿನಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ಏನಾಯ್ತು ಅಂತ ಓದಿ. ಒಂದು ಕ್ಯಾನ್ಸರ್ ಚಿಕಿತ್ಸಾ ಕ್ಲಿನಿಕ್ಕು ಬೇರೆ ಕಡೆಗೆ ಹೋಯಿತು, ವಿಕಿರಣ ಯಂತ್ರ ಹಳೇ ಕಟ್ಟಡದಲ್ಲೇ ಉಳಿಯಿತು. ಅರ್ಧ ಕೆಡವಿದ ಆ ಕಟ್ಟಡಕ್ಕೆ ನುಗ್ಗಿದ ಇಬ್ಬರು ಯಂತ್ರದ ತಲೆಯನ್ನು ಗುಜರಿಗೆ ಅಂತ ಬಿಚ್ಚಿಕೊಂಡು ಹೋದರು. ಒಳಗೆ ಸೀಸಿಯಂ-137. ಕತ್ತಲಲ್ಲಿ ನೀಲಿಯಾಗಿ ಹೊಳೆಯುವ ಪುಡಿ. ಚೆಂದ ಇದೆ ಅಂತ ಮನೆಮನೆಗೆ ಹಂಚಿಕೊಂಡರು, ಮೈಗೆ ಹಚ್ಚಿಕೊಂಡರು. 4 ಜನ ಸತ್ತರು, 249 ಜನರ ಮೈಮೇಲೆ ಅಥವಾ ಒಳಗೆ ವಿಕಿರಣ ಸೇರಿತ್ತು, ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ತಪಾಸಣೆ ಮಾಡಬೇಕಾಯಿತು. ಅಲ್ಲಿ ಗಟ್ಟಿಯಾದ ಬೀಗ, ಕಾವಲು ಇರಲಿಲ್ಲ ಅನ್ನೋದೇ ಆ ದುರಂತದ ಬೇರು. ನೀವು ಇರುವ ಬೀಗವನ್ನೂ ತೆಗೆಯುವ ಮಾತಾಡ್ತಿದ್ದೀರಿ.

ಕಲ್ನಾರು, ಪಾರಿವಾಳದ ಹಿಕ್ಕೆ, ಕುಸಿಯುವ ಮರದ ಅಟ್ಟ ಇವು ನಿಮಗೆ ಗೊತ್ತಿರುವವೇ, ಬಿಡಿ.

ಒಂಟಿಮೆಟ್ಟಿಲು
ಸರಿ, ಸೋಲೊಪ್ಪಲ್ಲ, ಇನ್ನೊಂದು ವಾದ ಇದೆ. ಒಳಗೆ ಹೋದಮೇಲೆ ಬಾಗಿಲು ಹಿಂದಿನಿಂದ ಧಡಾರಂತ ಮುಚ್ಚಿಕೊಂಡರೆ? ಯಾರೋ ಕಾವಲುಗಾರ ಗೊತ್ತಿಲ್ಲದೆ ಹೊರಗಿನಿಂದ ಬೀಗ ಹಾಕಿಬಿಟ್ಟರೆ? ಫೋನಿಗೆ ಸಿಗ್ನಲ್ ಇಲ್ಲ. ಆಗ ಪಿಕ್ ಸೆಟ್ಟೇ ಜೀವ ಉಳಿಸೋದು. ಅದನ್ನು ಸುರಕ್ಷತಾ ಸಾಧನ ಅಂತ ಯಾಕೆ ನೋಡಬಾರದು?

ಬೀಗಬಂಧು
ಗುರು, ಕಾವಲುಗಾರ ಹೊರಗೆ ನೇತುಹಾಕಿದ ಬೀಗಕ್ಕೆ ಒಳಗಿನಿಂದ ಹೇಗೆ ಪಿಕ್ ಹಾಕ್ತೀಯ? ಕೈ ತೂರೋದು ಎಲ್ಲಿಂದ? ತಾನಾಗೇ ಮುಚ್ಚಿಕೊಳ್ಳುವ ಬಾಗಿಲುಗಳಲ್ಲಿ ಬಹಳಷ್ಟಕ್ಕೆ ಒಳಬದಿಯಲ್ಲಿ ಕೀಲಿತೂತೇ ಇರಲ್ಲ. ಹಿಡಿ ಕಿತ್ತುಹೋಗಿದ್ದರೆ ಬರೀ ತಗಡು ನೋಡ್ತಾ ನಿಲ್ಲಬೇಕು.

ಗಾಳಿಗಂಡಿ
ಬಾಗಿಲಿಗೆ ಮರದ ಬೆಣೆ. ಒಂದು ಹಿಡಿ ಗಾತ್ರದ್ದು, ಪ್ರತಿ ಬಾಗಿಲಿಗೂ. ಎಲ್ಲಿಗೆ ಹೋಗ್ತಿದ್ದೀರಿ, ಎಷ್ಟು ಹೊತ್ತಿಗೆ ಫೋನ್ ಬರದಿದ್ದರೆ ಯಾರಿಗೆ ಹೇಳಬೇಕು ಅಂತ ಹೊರಗಿರುವ ಒಬ್ಬರಿಗೆ ತಿಳಿಸಿ ಹೋಗೋದು. ಇಬ್ಬರಿಗಿಂತ ಕಡಿಮೆ ಹೋಗದಿರೋದು. ಸಿಕ್ಕಿಹಾಕಿಕೊಂಡರೆ ಹೊರಗಿನವರಿಗೆ ಕೂಗೋದು, ನಾಚಿಕೆ ಬಿಟ್ಟು. ಪೊಲೀಸರು ಬಂದು ತೆಗೆದರೂ ತೆಗೆಯಲಿ.

ರಾತ್ರಿಪಾಳಿ
ಕೂಗಿದರೆ ನಾವು ಬರ್ತೀವಿ. ಬಂದವರನ್ನು ನೋಡಿ ಓಡಬೇಡಿ, ಅದೊಂದೇ ನಾನು ಕೇಳೋದು. ಕತ್ತಲಲ್ಲಿ ಓಡಿದವರು ಬಿದ್ದು ಕಾಲು ಮುರ್ಕೊಂಡಿದ್ದೇ ಹೆಚ್ಚು.

ಹಳೇನಕ್ಷೆ
ಇಷ್ಟು ಹೊತ್ತು ಓದಿದೆ. ಪಿಕ್ ವಿಷಯದಲ್ಲಿ ನಾನೂ ಹಾಳುಗೋಡೆಯವರ ಕಡೆಯೇ. ಆದರೆ ಅವರ ಕಟ್ಟುಪಾಡಿನ ಬಗ್ಗೆ ನನಗೊಂದು ತಕರಾರು ಇದೆ. "ಬಾಗಿಲು ತೆರೆದಿದ್ದರೆ ಒಳಗೆ." ಆ ಬಾಗಿಲನ್ನು ತೆರೆದವರು ಯಾರು? ತಾಮ್ರ ಕದಿಯೋಕೆ ಬಂದವನು ಮುರಿದ ಚಿಲಕ, ಯಾರೋ ಪುಂಡರು ಒಡೆದ ಕಿಟಕಿ, ಬೇಲಿಯಲ್ಲಿ ಮತ್ತಾರೋ ಕತ್ತರಿಸಿದ ತೂತು. ಕೊಳಕು ಕೆಲಸ ಅವನದು, ಚೆಂದದ ಫೋಟೋ ನಮ್ಮದು. ಕೈ ತೊಳೆದುಕೊಂಡಷ್ಟು ಸುಲಭವಾಗಿ ನಾವು ಒಳ್ಳೆಯವರಾಗಿಬಿಡ್ತೀವಿ. ಕಾನೂನು ಕೂಡ ಕಿಟಕಿಗೂ ಬೀಗಕ್ಕೂ ಅಷ್ಟು ಭೇದ ಮಾಡುತ್ತಾ, ಕರಿಕೋಟು ಅವರೇ?

ಕರಿಕೋಟು
ನೀವಂದಷ್ಟು ಮಾಡಲ್ಲ. ಅದೇ 330ರ ಆರು ದಾರಿಗಳಲ್ಲಿ, ಮನುಷ್ಯರು ಓಡಾಡೋಕೆ ಅಂತ ಇಲ್ಲದ ದಾರಿಯಿಂದ ನುಗ್ಗೋದೂ ಒಂದು. ಕಿಟಕಿ ಹತ್ತೋದು ಅದರಲ್ಲೇ ಬರುತ್ತೆ. ಆದ್ದರಿಂದ "ನಾನು ಏನೂ ಮುಟ್ಟಿಲ್ಲ, ಕಿಟಕಿ ಮೊದಲೇ ಒಡೆದಿತ್ತು" ಅಂದರೆ ಕಲಮು ತಪ್ಪಲ್ಲ. ತಪ್ಪಿದರೆ ಉದ್ದೇಶದ ವಾದದಲ್ಲಿ ತಪ್ಪಬೇಕು. ಆ ವಾದಕ್ಕೆ ಒಡೆದ ಕಿಟಕಿ, ಕೈಯಲ್ಲಿ ಕ್ಯಾಮೆರಾ ಇದ್ದರೆ ಸ್ವಲ್ಪ ಬಲ. ತೆರೆದ ಬೀಗ, ಬ್ಯಾಗಲ್ಲಿ ಕಡ್ಡಿ ಇದ್ದರೆ ಬಾಯಿ ತೆಗೆಯೋಕೇ ಕಷ್ಟ.

ಹಳೇನಕ್ಷೆ
ಇದಕ್ಕೇ ಸೇರಿಸಿ ಒಂದು ಉದಾಹರಣೆ. ಲಂಡನ್ನಿನ ಬಳಕೆಯಲ್ಲಿಲ್ಲದ ಭೂಗತ ರೈಲು ನಿಲ್ದಾಣಗಳಿಗೆಲ್ಲ ಹೋಗುತ್ತಿದ್ದ ಗುಂಪಿನ ಜೊತೆ ಓಡಾಡಿ, ಅದರ ಬಗ್ಗೆಯೇ ಸಂಶೋಧನೆ ಮಾಡಿದ ಭೂಗೋಳ ವಿದ್ವಾಂಸ ಬ್ರ್ಯಾಡ್ಲಿ ಗ್ಯಾರೆಟ್ ಅವರನ್ನು 2012ರಲ್ಲಿ ಹೀತ್ರೂನಲ್ಲಿ ವಿಮಾನದಿಂದಲೇ ಇಳಿಸಿ ಬಂಧಿಸಿದರು. ಅವರ ಮೇಲೆ ಬಂದ ಆರೋಪ ಅತಿಕ್ರಮಣದ್ದಲ್ಲ, ಆಸ್ತಿಗೆ ಹಾನಿ ಮಾಡಲು ಒಳಸಂಚು. 2014ರಲ್ಲಿ ಷರತ್ತಿನ ಬಿಡುಗಡೆಯೊಂದಿಗೆ ಮುಗಿಯಿತು, ಜೈಲು ಆಗಲಿಲ್ಲ. ಆದರೂ ಎರಡು ವರ್ಷ ನ್ಯಾಯಾಲಯದ ಮೆಟ್ಟಿಲು. ಇಂಗ್ಲೆಂಡ್‌ನಲ್ಲಿ ಸುಮ್ಮನೆ ಅತಿಕ್ರಮಣ ಮಾಡೋದು ಬಹುಮಟ್ಟಿಗೆ ಸಿವಿಲ್ ವ್ಯಾಜ್ಯ. ಹಾಗಾಗಿ ಪೊಲೀಸರು ಹುಡುಕೋದೇ ಹಾನಿಯ, ಉಪಕರಣದ ಸುಳಿವನ್ನು. ಅದನ್ನು ನಾವೇ ಪೌಚಿನಲ್ಲಿ ಜೋಡಿಸಿ ಕೊಡೋದು ಬೇಡ.

ಹಾಳುಗೋಡೆ
ಹಳೇನಕ್ಷೆಯವರೇ, ನಿಮ್ಮ ತಕರಾರು ಚುಚ್ಚಿತು, ಸುಳ್ಳು ಹೇಳಲ್ಲ. ಕಳ್ಳ ಮಾಡಿದ ತೂತಿನಲ್ಲೇ ನಾವು ನುಸೀತೀವಿ, ನಿಜ. ಆದರೂ ಒಂದು ಭೇದ ಉಳಿಯುತ್ತೆ ಅಂತ ನನಗೆ ಅನಿಸುತ್ತೆ. ನಾನು ಬಂದುಹೋದ ಮೇಲೆ ಆ ಕಟ್ಟಡ ನಾನು ಬರುವ ಮುಂಚೆ ಇದ್ದದ್ದಕ್ಕಿಂತ ಹೆಚ್ಚು ತೆರೆದುಕೊಂಡಿದೆಯಾ? ಒಡೆದ ಕಿಟಕಿಯಿಂದ ಹೋಗಿ ಬಂದರೆ ಇಲ್ಲ. ಬೀಗ ತೆಗೆದರೆ ಹೌದು. ಇದು ಪುಣ್ಯದ ಲೆಕ್ಕ ಅಲ್ಲ, ಕನಿಷ್ಠದ ಲೆಕ್ಕ.

ಕಟ್ಟಡದೊಡತಿ
ನೀವೆಲ್ಲ ಮಾತಾಡ್ತಿರುವ ಆ ಬೀಗ ಹಾಕಿದವಳು ನಾನು. ಅಂದರೆ ನಿಮ್ಮ ಕಟ್ಟಡದ್ದಲ್ಲ, ಅಂಥದ್ದೇ ಇನ್ನೊಂದರದ್ದು. ಮಾವನವರ ಕಾಲದ ಮಿಲ್ಲು. ಪಾಲುದಾರರ ವ್ಯಾಜ್ಯ ಮುಗಿಯದೆ ಮಾರುವಂತಿಲ್ಲ, ಕೆಡವುವಂತಿಲ್ಲ, ನಡೆಸುವಂತೂ ಇಲ್ಲ. "ಯಾರೂ ಕೇಳೋರಿಲ್ಲದ ಕಟ್ಟಡ" ಅಂತ ಫೋಟೋದ ಕೆಳಗೆ ಬರೀತೀರಲ್ಲ, ಅದರ ತೆರಿಗೆ ನಾನು ಕಟ್ತಿದ್ದೀನಿ.

ಬೀಗ ಯಾಕೆ ಹಾಕ್ತೀನಿ ಅಂದರೆ, ಒಳಗೆ ಮೊದಲ ಮಹಡಿಯ ಹಲಗೆ ಕೊಳೆತಿದೆ. ಯಾರಾದರೂ ಬಿದ್ದರೆ ಪೊಲೀಸರು ಮೊದಲು ಬರೋದು ನಮ್ಮ ಮನೆಗೆ. ವಿಮೆಯವರು ಕೇಳೋದು ಒಂದೇ ಪ್ರಶ್ನೆ, ಭದ್ರ ಮಾಡಿದ್ದಿರಾ? ಬೀಗ ಒಡೆದ ಗುರುತು ಇದ್ದರೆ ಹೌದು ಅನ್ನಬಹುದು. ನೀವು ನಾಜೂಕಾಗಿ ತೆಗೆದು ಒಳಗೆ ಬಿದ್ದರೆ, ನಾನು ಬೀಗ ಹಾಕೇ ಇರಲಿಲ್ಲ ಅಂತಾಗುತ್ತೆ. ರಾತ್ರಿಪಾಳಿಯವರಿಗೆ ಆಗಿದ್ದೇ ನನಗೂ.

ಕೇಳಿದವರಿಗೆ ನಾನು ಬೇಡ ಅಂದಿಲ್ಲ ಅನ್ನೋದನ್ನೂ ಹೇಳಬೇಕು. ಕೇಳುವವರೇ ಕಡಿಮೆ.

ತುಕ್ಕು
ಅಮ್ಮಾ, ಹೇಗೆ ಕೇಳಬೇಕು? ನಾವು ಬರೆದರೆ ಹುಚ್ಚರು ಅಂದ್ಕೊಳ್ತಾರೆ ಅಂತ ಸುಮ್ಮನಾಗ್ತೀವಿ.

ಕಟ್ಟಡದೊಡತಿ
ಹುಚ್ಚರು ಅಂದ್ಕೊಳ್ತೀನಿ, ಅದರಿಂದೇನು ತೊಂದರೆ ಇಲ್ಲಪ್ಪ. ಯಾರು, ಎಷ್ಟು ಜನ, ಯಾವ ದಿನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ. ಗುರುತಿನ ಚೀಟಿಯ ನಕಲು. ಏನಾದರೂ ಆದರೆ ಹೊಣೆ ನಮ್ಮದೇ ಅಂತ ಸಹಿ ಮಾಡಿದ ಕಾಗದ. ಫೋಟೋ ಎಲ್ಲಿ ಹಾಕ್ತೀರಿ, ಜಾಗದ ಗುರುತು ಸಿಗದ ಹಾಗೆ ಹಾಕ್ತೀರಾ ಅನ್ನೋದು. ಆಮೇಲೆ ನನಗೂ ಒಂದು ಪ್ರತಿ ಕಳಿಸಿ. ಮಾವನವರ ಮೇಜು, ಆ ಹಳೇ ತಕ್ಕಡಿ ಹೇಗಿದೆ ಅಂತ ನೋಡೋಕೆ ನನ್ನ ಮಂಡಿ ಈಗ ಮೆಟ್ಟಿಲು ಹತ್ತಲ್ಲ.

ಕರಿಕೋಟು
ಆ ಕಾಗದ ಇದ್ದ ಮಾತ್ರಕ್ಕೆ ಒಡೆಯರ ಹೊಣೆ ಪೂರ್ತಿ ಹೋಗುತ್ತೆ ಅಂತ ತಿಳಿಯಬೇಡಿ ಅಮ್ಮ. ಇಂಗ್ಲೆಂಡ್‌ನಲ್ಲಿ 1984ರ ಕಾಯ್ದೆ ಒಪ್ಪಿಗೆ ಇಲ್ಲದೆ ನುಗ್ಗಿದವನ ಬಗ್ಗೆಯೂ ಒಡೆಯನಿಗೆ ಒಂದಿಷ್ಟು ಕಾಳಜಿಯ ಹೊಣೆ ಹೊರಿಸುತ್ತೆ. ಎಲ್ಲ ಕಡೆಯೂ ಬೇರೆ ಬೇರೆ ರೀತಿ. ಕೊಳೆತ ಮಹಡಿಗೆ ಹೋಗೋ ಮೆಟ್ಟಿಲನ್ನು ಮುಚ್ಚಿಸಿ, ಅಪಾಯ ಅಂತ ಫಲಕ ಹಾಕಿಸಿ, ಅದರ ಫೋಟೋ ದಿನಾಂಕದ ಸಮೇತ ಇಟ್ಟುಕೊಳ್ಳಿ.

ಒಂಟಿಮೆಟ್ಟಿಲು
ಅಮ್ಮ ಬಂದಮೇಲೆ ನನ್ನ ಬಾಯಿ ಕಟ್ಟಿತು. ಆದರೂ ಹೇಳ್ತೀನಿ, ಒಂದು ವಿದ್ಯೆ ಕಲಿತವನನ್ನು ಕಳ್ಳ ಅಂತ ನೋಡೋದು ನನಗೆ ಹಿಡಿಸಲ್ಲ.

ಬೀಗಬಂಧು
ವಿದ್ಯೆಯನ್ನು ಯಾರೂ ಬೈದಿಲ್ಲ. 1851ರ ಲಂಡನ್ ಮಹಾಪ್ರದರ್ಶನಕ್ಕೆ ಬಂದ ಅಮೆರಿಕದ ಬೀಗಗಾರ ಆಲ್ಫ್ರೆಡ್ ಹಾಬ್ಸ್ ಅಲ್ಲಿಯವರು ಮುರಿಯಲಾಗದ್ದು ಅಂತ ಬೀಗುತ್ತಿದ್ದ ಚಬ್ ಬೀಗವನ್ನು ತೆಗೆದ. ಆಮೇಲೆ ಬ್ರಾಮಾ ಬೀಗ. ತೆಗೆದವರಿಗೆ 200 ಗಿನಿ ಅಂತ ಅಂಗಡಿಯ ಗಾಜಿನಲ್ಲಿ ದಶಕಗಟ್ಟಲೆ ಸವಾಲು ಹಾಕಿಟ್ಟಿದ್ದ ಬೀಗ ಅದು. 16 ದಿನಗಳಲ್ಲಿ ಬಿಡಿಬಿಡಿಯಾಗಿ ಒಟ್ಟು 51 ಗಂಟೆ ಕೂತು ಬಿಡಿಸಿದ. ಇಡೀ ದೇಶದ ಬೀಗದ ಉದ್ಯಮಕ್ಕೆ ನಿದ್ದೆ ಕೆಟ್ಟಿತು, ಒಳ್ಳೆಯ ಬೀಗಗಳು ಬಂದವು. ಆದರೆ ಹಾಬ್ಸ್ ಕೂತದ್ದು ಒಡೆಯರು ಒಪ್ಪಿಕೊಟ್ಟ ಕೋಣೆಯಲ್ಲಿ, ತೀರ್ಪುಗಾರರನ್ನು ನೇಮಿಸಿಕೊಂಡು. ನಿನಗೆ ಅಷ್ಟು ಆಸೆ ಇದ್ದರೆ ಗುಜರಿಯಿಂದ ಹಳೇ ಬೀಗ ತಗೊಂಡು ಬಾ, ನಾನೇ ಹೇಳಿಕೊಡ್ತೀನಿ.

ಹಾಳುಗೋಡೆ
ಕೊನೆಗೊಂದು ಪ್ರಶ್ನೆ ವಕೀಲರಿಗೆ. ಅವನ ಬ್ಯಾಗು, ಅವನ ಕಡ್ಡಿ. ಸಿಕ್ಕಿಬಿದ್ದರೆ ಉಳಿದ ಮೂವರ ಗತಿ?

ಕರಿಕೋಟು
ಸಮಾನ ಉದ್ದೇಶ ಅನ್ನೋ ಮಾತಿದೆ, ಸಂಹಿತೆಯ 3ನೇ ಕಲಮಿನ 5ನೇ ಉಪಕಲಮು, ಹಳೇ ದಂಡ ಸಂಹಿತೆಯಲ್ಲಿ 34. ಎಲ್ಲರೂ ಒಂದೇ ಉದ್ದೇಶದಿಂದ ಹೋಗಿದ್ದು ಒಬ್ಬ ಮಾಡಿದರೆ, ಪ್ರತಿಯೊಬ್ಬರೂ ಮಾಡಿದ ಹಾಗೆ. ಅವನ ಬ್ಯಾಗಲ್ಲಿ ಇರೋದು ನಿಮಗೆ ಗೊತ್ತಿರಲಿಲ್ಲ ಅಂತ ಇನ್ನು ಮೇಲೆ ನೀವು ಹೇಳುವಂತೆಯೂ ಇಲ್ಲ, ಇಲ್ಲೇ ಬರೆದುಬಿಟ್ಟಿದ್ದೀರಿ.

ಹೊಸಬ
ಆ ಪೌಚಿನ ಹುಡುಗ ನಾನೇ. ಲಿಂಕ್ ಗುಂಪಲ್ಲಿ ಬಂತು, ಪೂರ್ತಿ ಓದಿದೆ. ಸೆಕ್ಯೂರಿಟಿ ಅಣ್ಣಂದು ಓದಿದಮೇಲೆ ವಾದ ಮಾಡೋಕೆ ಮನಸ್ಸಿಲ್ಲ. ಬ್ಯಾಗಲ್ಲಿ ತರಲ್ಲ. ಗಾಡಿಯ ಡಿಕ್ಕಿಯಲ್ಲಿ ಇಟ್ಟರೆ ಪರವಾಗಿಲ್ವಾ?

ಕರಿಕೋಟು
ಆ ಇಂಗ್ಲೆಂಡ್ ಕಲಮಿನ ಪ್ರಶ್ನೆ ವಾಸದ ಮನೆಯಿಂದ ಹೊರಗೆ ಇದ್ದೀರಾ ಅನ್ನೋದು. ಗಾಡಿ ವಾಸದ ಮನೆ ಅಲ್ಲ. ಬೇರೆ ಕಡೆಯೂ, ಕಟ್ಟಡದ ಪಕ್ಕ ನಿಂತ ಗಾಡಿಯ ಡಿಕ್ಕಿಯನ್ನು ಯಾರೂ ನೋಡದೆ ಬಿಡಲ್ಲ. ಮನೆಯ ಮೇಜಿನ ಮೇಲಿರಲಿ.

ಹೊಸಬ
ಸರಿ ಸರ್. ಆದರೆ ಒಂದು ಕೇಳ್ಲಾ? ನನ್ನ ಕಡ್ಡಿ ಬಗ್ಗೆ ಇಷ್ಟೆಲ್ಲ ಮಾತಾಯ್ತು. ನಮ್ಮ ಗುಂಪಿನ ಟ್ರೈಪಾಡ್ ಬ್ಯಾಗಲ್ಲಿ ಮೊಳ ಉದ್ದದ ಮೀಟುಗೋಲು ಇದೆಯಲ್ಲ, "ಜಾಮ್ ಆದ ಬಾಗಿಲಿಗೆ" ಅಂತ, ನಾನು ಸೇರೋಕೆ ಮುಂಚಿನಿಂದ. ಅದರ ಬಗ್ಗೆ ಯಾರೂ ಯಾಕೆ ಕೇಳಿಲ್ಲ?

ಬೀಗಬಂಧು
ಹಹಹ. ಹಾಳುಗೋಡೆ ಸರ್, ಉತ್ತರ ಕೊಡಿ.

ಹಾಳುಗೋಡೆ
ಆ ಬ್ಯಾಗು ನನ್ನದಲ್ಲ, ಆದರೆ ಯಾರದು ಅಂತ ಗೊತ್ತು. "ಅತಿ ಮಾಡ್ತೀಯ" ಅಂದಿದ್ದೂ ಅವರೇ. ಇವತ್ತು ಸಂಜೆ ಫೋನ್ ಮಾಡ್ತೀನಿ.